ಬ್ಯಾಟರಿ ಜೋಪಾನದವರು

ಟಾರ್ಚು ಕೊಂಡು, ಬೆಳಕು ಬಿಡುವ ಕೆಲಸವೊಂದನ್ನುಳಿದು ಮಿಕ್ಕೆಲ್ಲ ಉಪಚಾರವನ್ನೂ ಅದಕ್ಕೆ ಮಾಡುವ ಗೃಹಸ್ಥರಿಗೆ ಬ್ಯಾಟರಿ ಜೋಪಾನದವರು ಎಂದು ಹೆಸರು. ಇವರು ಸಾಮಾನ್ಯವಾಗಿ ಗಂಡಸರು, ಐವತ್ತು ದಾಟಿದವರು, ಒಂದೇ ಕಾರ್ಖಾನೆಯಲ್ಲೋ ಕಚೇರಿಯಲ್ಲೋ ಜೀವಮಾನವಿಡೀ ದುಡಿದವರು. ಇವರಿಗೆ ಎದುರಾದ ಇನ್ನೊಂದು ತಳಿ ಬಡಿದು ಬಳಸುವವರದು. ಬಡಿದು ಬಳಸುವವರ ಟಾರ್ಚಿನ ಗಾಜು ಸೀಳಿರುತ್ತದೆ, ಹಿಂದಿನ ಮುಚ್ಚಳ ರಬ್ಬರ್ ಬ್ಯಾಂಡಿನ ದಯೆಯಿಂದ ನಿಂತಿರುತ್ತದೆ, ಅಂಗೈಗೆ ಎರಡು ಸಲ ಕುಟ್ಟದೆ ಅದು ಹತ್ತುವುದಿಲ್ಲ. ಆದರೆ ಕುಟ್ಟಿದರೆ ಹತ್ತುತ್ತದೆ. ಎರಡು ತಳಿಗಳೂ ಒಂದೇ ಸೂರಿನಡಿ, ಬಹುಮಟ್ಟಿಗೆ ಒಬ್ಬರನ್ನೊಬ್ಬರು ಮದುವೆಯಾಗಿ ಬದುಕುತ್ತವೆ.

ಶಿವಮೊಗ್ಗ ಸೀಮೆಯಲ್ಲಿ ಟಾರ್ಚಿಗೆ ಬ್ಯಾಟರಿ ಎಂದೂ ಅದರ ಹೊಟ್ಟೆಯಲ್ಲಿರುವ ಬ್ಯಾಟರಿಗೆ ಸೆಲ್ಲು ಎಂದೂ ಹೇಳುವುದು ವಾಡಿಕೆ. ಬ್ಯಾಟರಿಗೂ ಮೊದಲು ಇದ್ದದ್ದು ದೊಂದಿ. ಒಣಗಿದ ತೆಂಗಿನ ಗರಿಯನ್ನು ಬಿಗಿದು ಕಟ್ಟಿ, ತುದಿಗೆ ಬೆಂಕಿ ಹಚ್ಚಿ, ಬೀಸುತ್ತ ನಡೆದರೆ ದಾರಿ ಸವೆಯುವಷ್ಟರಲ್ಲಿ ದೊಂದಿಯೂ ಸವೆಯುತ್ತಿತ್ತು. ಮನೆ ಮುಟ್ಟಿದ ಮೇಲೆ ಉಳಿದ ಮೋಟನ್ನು ಒಲೆಗೆ ತುರುಕುತ್ತಿದ್ದರು. ದೊಂದಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟವರು ಯಾರೂ ಇಲ್ಲ. ಅನಂತರ ಬಂದ ಲಾಟೀನಿನ ಗಾಜನ್ನು ದಿನಾ ಸಂಜೆ ಬೂದಿ ಹಾಕಿ ಒರೆಸಬೇಕಿತ್ತು, ಬತ್ತಿ ಕತ್ತರಿಸಬೇಕಿತ್ತು, ಸೀಮೆಎಣ್ಣೆ ಸುರಿಯಬೇಕಿತ್ತು. ಅದು ದಿನವೂ ದುಡಿಯುತ್ತಿದ್ದ ಸಾಮಾನು. ಉರಿಸಿದರೂ ಹೊರಮೈ ಸವೆಯದ, ಉರಿಸದಿದ್ದರೂ ಇದೆ ಎಂಬ ಧೈರ್ಯ ಕೊಡುವ ದೀಪ ಮನೆಗೆ ಬಂದ ಮೇಲೆಯೇ ಜೋಪಾನದವರು ಹುಟ್ಟಿಕೊಂಡದ್ದು.

ಇಂಥ ದೀಪಕ್ಕೆ ನ್ಯೂಯಾರ್ಕಿನ ಡೇವಿಡ್ ಮಿಸೆಲ್ ಎಂಬಾತ 1899ರಲ್ಲಿ ಅಮೆರಿಕದ ಪೇಟೆಂಟ್ ಪಡೆದ. ಕಾಗದದ ಕೊಳವೆಯೊಳಗೆ ಸಾಲಾಗಿ ಸೆಲ್ಲು, ತುದಿಯಲ್ಲಿ ಸಣ್ಣ ಬಲ್ಬು, ಅದರ ಹಿಂದೆ ಹಿತ್ತಾಳೆಯ ಪ್ರತಿಫಲಕ. ಆಗಿನ ಸೆಲ್ಲೂ ಬಲ್ಬೂ ದುರ್ಬಲ. ಒತ್ತಿದರೆ ಕ್ಷಣಕಾಲ ಮಿಂಚುತ್ತಿತ್ತು, ಆಮೇಲೆ ಬಿಡುವು ಕೊಡಬೇಕಿತ್ತು. ಫ್ಲ್ಯಾಶ್‌ಲೈಟ್ ಎಂಬ ಹೆಸರು ಬಂದದ್ದು ಅದರಿಂದಲೇ. ಮುಂದೆ ಸೆಲ್ಲು ಸುಧಾರಿಸಿತು, ಟಂಗ್‌ಸ್ಟನ್ ತಂತಿಯ ಬಲ್ಬು ಬಂತು, ಬೆಳಕು ನಿಂತು ಉರಿಯತೊಡಗಿತು. ಆದರೆ ಒತ್ತಿ ಕೂಡಲೇ ಬಿಡಬೇಕೆಂಬ ಆ ಮೊದಲ ಕಾಲದ ಶಿಸ್ತನ್ನು ಜಗತ್ತೆಲ್ಲ ಮರೆತರೂ ಜೋಪಾನದವರು ಮರೆಯಲಿಲ್ಲ.

ಈ ತಳಿ ಕರ್ನಾಟಕದಲ್ಲೆಲ್ಲ ಇದೆ. ಹತ್ತಿರದಿಂದ ನೋಡಲು ಅನುಕೂಲವಾದ ಜಾಗ ಭದ್ರಾವತಿಯ ಓಲ್ಡ್ ಟೌನ್. ಭದ್ರಾ ನದಿ ಊರನ್ನು ಎರಡು ಹೋಳು ಮಾಡಿದೆ. ಒಂದು ದಡದಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ, ಇಕ್ಕಟ್ಟು ಬೀದಿ, ಹೆಂಚಿನ ಮನೆ ಸೇರಿದ ಹಳೆಯ ಊರು. ಇನ್ನೊಂದು ದಡದಲ್ಲಿ ಕಾರ್ಖಾನೆಯ ಸುತ್ತ ಬೆಳೆದ ನ್ಯೂ ಟೌನ್. ಊರಿನ ಹಳೆಯ ಹೆಸರು ಬೆಂಕಿಪುರ. ಬೆಂಕಿಪುರದಲ್ಲಿ ಬೆಳಕನ್ನು ಬಟ್ಟೆಯಲ್ಲಿ ಸುತ್ತಿಡುವವರು ಇಷ್ಟು ಮಂದಿ ಇರುವುದು ವಿಚಿತ್ರವಾದರೂ ಕಾರಣವಿಲ್ಲದೆ ಅಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಮೈಸೂರು ಸಂಸ್ಥಾನ ಕಟ್ಟಿಸಿದ ಕಬ್ಬಿಣದ ಕಾರ್ಖಾನೆ ಇಲ್ಲಿ 1923ರಲ್ಲಿ ಉತ್ಪಾದನೆ ಶುರು ಮಾಡಿತು. ಅದರ ಬೆನ್ನಿಗೆ 1936ರಲ್ಲಿ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ಕುಲುಮೆಗೆ ರಾತ್ರಿ ಹಗಲಿಲ್ಲ, ಆದ್ದರಿಂದ ಪಾಳಿ ಬಂತು. ಮೂರನೇ ಪಾಳಿಗೆ ಸೇತುವೆ ದಾಟಿ ಸೈಕಲ್ ತುಳಿಯುವವರಿಗೆ ಬ್ಯಾಟರಿ ಬೇಕಾಯಿತು. ಮಳೆಗಾಲದಲ್ಲಿ ಕರೆಂಟು ಹೋಗುವುದು ಇಲ್ಲಿ ಸುದ್ದಿಯಲ್ಲ, ಬರುವುದು ಸುದ್ದಿ. ಹೀಗಾಗಿ ಊರಿನಲ್ಲಿ ಬ್ಯಾಟರಿ ಇಲ್ಲದ ಮನೆ ಇರಲಿಲ್ಲ. ಇದ್ದ ಬ್ಯಾಟರಿ ಕೈಗೆ ಸಿಗುತ್ತಿತ್ತೇ ಎಂಬುದು ಮನೆಯ ಯಜಮಾನ ಯಾವ ತಳಿಯವನು ಎಂಬುದರ ಮೇಲೆ ನಿಂತಿತ್ತು.

ಜೋಪಾನದವರ ಲಕ್ಷಣಗಳು ಅನೇಕ. ಇವರ ಮನೆಯ ಹೊಸ ಕುರ್ಚಿಯ ಪ್ಲಾಸ್ಟಿಕ್ ಹೊದಿಕೆಯನ್ನು ಕುರ್ಚಿ ಮುರಿಯುವವರೆಗೆ ಕೀಳುವುದಿಲ್ಲ. ಮದುವೆಯಲ್ಲಿ ಉಡುಗೊರೆ ಬಂದ ಪೆನ್ನು ನಿವೃತ್ತಿಯ ಕಾಗದಕ್ಕೆ ಸಹಿ ಹಾಕುವಾಗ ಮೊದಲ ಸಲ ಹೊರಬರುತ್ತದೆ, ಬರೆಯುವುದಿಲ್ಲ. ಒಳ್ಳೆಯ ಕೊಡೆ ಮಳೆಯಲ್ಲಿ ನೆನೆಯುತ್ತದೆಂದು ಮೂಲೆಯಲ್ಲಿರುತ್ತದೆ, ಯಜಮಾನರು ನೆನೆದು ಬರುತ್ತಾರೆ. ಇವೆಲ್ಲ ಸಣ್ಣ ಲಕ್ಷಣಗಳು. ತಳಿಯ ಪೂರ್ಣ ಸ್ವರೂಪ ಕಾಣಿಸಿಕೊಳ್ಳುವುದು ಬ್ಯಾಟರಿಯ ವಿಷಯದಲ್ಲಿಯೇ. ಅದನ್ನು ವಿವರಿಸಲು ಓಲ್ಡ್ ಟೌನಿನ ಒಂದು ಮನೆಯ ದೊಡ್ಡಪ್ಪನನ್ನು ಮಾದರಿಯಾಗಿ ತೆಗೆದುಕೊಳ್ಳಬಹುದು. ಮಾದರಿಗಳು ಬೇಕಾದಷ್ಟಿದ್ದರೂ ಈ ದೊಡ್ಡಪ್ಪನ ವಿಷಯದಲ್ಲಿ ದಾಖಲೆ ಸಮೃದ್ಧವಾಗಿದೆ. ಬೇಸಗೆ ರಜೆ, ದಸರಾ ರಜೆಗಳಲ್ಲದೆ ಎರಡು ವರ್ಷ ಓದಿಗೆಂದೂ ಅದೇ ಮನೆಯಲ್ಲಿದ್ದ ತಮ್ಮನ ಮಗನೊಬ್ಬ ಎಲ್ಲವನ್ನೂ ಕಂಡಿದ್ದಾನೆ, ಕೆಲವನ್ನು ಅನುಭವಿಸಿದ್ದಾನೆ.

ದೊಡ್ಡಪ್ಪನ ಬ್ಯಾಟರಿ ಮೂರು ಸೆಲ್ಲಿನದು. ಹಿತ್ತಾಳೆಯ ಮೈಗೆ ಬಿಳಿ ಮೆರುಗು, ಕೈ ಜಾರದಂತೆ ಉದ್ದುದ್ದ ಗೀರು, ಮೇಲೆ ಕೆಳಗೆ ಸರಿಯುವ ಸ್ವಿಚ್ಚು, ಅದರ ಪಕ್ಕ ಒತ್ತಿ ಬಿಡುವ ಕೆಂಪು ಗುಂಡಿ. ತಲೆ ತಿರುಗಿಸಿದರೆ ಬೆಳಕು ಹರಡುತ್ತಿತ್ತು, ಇಲ್ಲವೆ ಒಂದೇ ಕಡೆ ಕೂಡುತ್ತಿತ್ತು. ಹಿಂದಿನ ಮುಚ್ಚಳದಲ್ಲಿ ಸ್ಪ್ರಿಂಗಿನ ನಡುವೆ ಹತ್ತಿಯಲ್ಲಿ ಸುತ್ತಿದ ಹೆಚ್ಚುವರಿ ಬಲ್ಬು. ಕಾರ್ಖಾನೆಯಲ್ಲಿ ಬೋನಸ್ ಬಂದ ವರ್ಷ ಕೊಂಡದ್ದು. ಮೊದಲ ಒಂದು ವಾರ ಅದು ಸೈಕಲ್ಲಿನ ಜೊತೆ ಮೂರನೇ ಪಾಳಿಗೆ ಹೋಯಿತು. ಎಂಟನೆಯ ದಿನ ಸೇತುವೆಯ ಮೇಲೆ ಕೈಜಾರಿ ಬಿತ್ತು. ಬಲ್ಬಿಗೆ ಏನೂ ಆಗಲಿಲ್ಲ, ಕತ್ತಿನ ಬಳಿ ಗುಲಗಂಜಿಯಷ್ಟು ನೆಗ್ಗಾಯಿತು. ಅಂದಿನಿಂದ ಮೂವತ್ತನಾಲ್ಕು ವರ್ಷ ಅದು ಬೀರುವಿನಿಂದ ಹೊರಗೆ ಕೆಲಸಕ್ಕೆ ಹೋಗಲಿಲ್ಲ. ದೊಡ್ಡಪ್ಪ ಕತ್ತಲಲ್ಲೇ ಪಾಳಿಗೆ ಹೋಗಿಬಂದರು. ಎರಡು ಸಲ ಚರಂಡಿಗೆ ಬಿದ್ದರು. ತಮಗಾದ ಗಾಯಗಳ ಬಗ್ಗೆ ಎಂದೂ ಮಾತಾಡಲಿಲ್ಲ. ಬ್ಯಾಟರಿಗಾದ ನೆಗ್ಗಿನ ಬಗ್ಗೆ ಬಂದ ನೆಂಟರಿಗೆಲ್ಲ ಹೇಳಿದರು.

ಪಾಲನೆಯ ಕ್ರಮ ಹೀಗಿತ್ತು. ಬ್ಯಾಟರಿಗೆ ಹಳೆಯ ಪಂಚೆಯಿಂದ ಹೊಲಿದ ಚೀಲ, ಚೀಲಕ್ಕೆ ಕೊಂಡಾಗಿನ ರಟ್ಟಿನ ಡಬ್ಬಿ, ಡಬ್ಬಿಗೆ ಕಬ್ಬಿಣದ ಬೀರುವಿನ ಮಧ್ಯದ ಅರೆ. ಬೀರುವಿನ ಬೀಗದ ಕೈ ವೆಂಕಟರಮಣ ದೇವರ ಫೋಟೊದ ಹಿಂದಿನ ಮೊಳೆಯಲ್ಲಿ. ಸೆಲ್ಲುಗಳು ಟಾರ್ಚಿನೊಳಗಿದ್ದರೆ ಸೋರುತ್ತವೆಂದು ಅಡುಗೆಮನೆಯ ಮೇಲಿನ ನಾಗಂದಿಗೆಯಲ್ಲಿ, ಹಾರ್ಲಿಕ್ಸ್ ಬಾಟಲಿಯಲ್ಲಿ. ಪ್ರತಿ ಭಾನುವಾರ ಮೂರನ್ನೂ ಒಂದುಗೂಡಿಸಿ, ಗೋಡೆಗೆ ನಾಲ್ಕು ಸೆಕೆಂಡು ಬೆಳಕು ಬಿಟ್ಟು, ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಂಡು, ಮತ್ತೆ ಮೂರು ಕಡೆಗೆ ಕಳುಹಿಸುತ್ತಿದ್ದರು. ಮಕ್ಕಳು ಹತ್ತಿರ ಬಂದರೆ ಒಂದೇ ಮಾತು: "ಮುಟ್ಬೇಡ, ಕೈ ಬೆವರು ಹತ್ತುತ್ತೆ." ಆಯುಧಪೂಜೆಯ ದಿನ ಬ್ರಾಸೋ ಹಚ್ಚಿ ಉಜ್ಜಿ, ಅರಿಸಿನ ಕುಂಕುಮ ಇಟ್ಟು, ಸೇವಂತಿಗೆ ಏರಿಸಿ, ಕತ್ತಿ, ಗುದ್ದಲಿ, ಸೈಕಲ್ಲುಗಳ ಸಾಲಿನಲ್ಲಿ ಮೊದಲ ಸ್ಥಾನ ಕೊಡುತ್ತಿದ್ದರು. ಪೂಜೆಗೆ ಇಟ್ಟ ಆಯುಧವನ್ನು ಅಂದು ಬಳಸಬಾರದೆಂಬುದು ರೂಢಿ. ಜೋಪಾನದವರು ಈ ರೂಢಿಯನ್ನು ವರ್ಷದ ಉಳಿದ 364 ದಿನಗಳಿಗೂ ವಿಸ್ತರಿಸಿದವರು.

ಸಾಲ ಕೊಡುವ ಪ್ರಸಂಗ ಬಂದರೆ ಜೋಪಾನದವರ ಸತ್ಯಸಂಧತೆ ಸಡಿಲವಾಗುತ್ತದೆ. ಪಕ್ಕದ ಮನೆಯವರು ತೋಟಕ್ಕೆ ನೀರು ತಿರುಗಿಸಲು ರಾತ್ರಿ ಬ್ಯಾಟರಿ ಕೇಳಿದಾಗ, ಸುಳ್ಳು ಹೇಳದ ದೊಡ್ಡಪ್ಪ "ಸೆಲ್ ಇಲ್ಲ" ಎನ್ನುತ್ತಿದ್ದರು. ಬ್ಯಾಟರಿಯೊಳಗೆ ಸೆಲ್ಲು ನಿಜಕ್ಕೂ ಇರುತ್ತಿರಲಿಲ್ಲ.

ಎದುರು ತಳಿಗೆ ಮಾದರಿ ಅದೇ ಮನೆಯ ದೊಡ್ಡಮ್ಮ. ಆಕೆಯದು ಎರಡು ಸೆಲ್ಲಿನ, ಸಂತೆಯಲ್ಲಿ ಕೊಂಡ ಪ್ಲಾಸ್ಟಿಕ್ ಬ್ಯಾಟರಿ. ಅದರ ಬಣ್ಣ ಮೊದಲು ಹಸಿರಿತ್ತೆಂದು ಒಂದು ಪಕ್ಷ, ನೀಲಿಯಿತ್ತೆಂದು ಇನ್ನೊಂದು ಪಕ್ಷ. ಆಕೆ ಅದರಲ್ಲಿ ಕೊಟ್ಟಿಗೆ ನೋಡುತ್ತಿದ್ದಳು, ಕೋಳಿ ಎಣಿಸುತ್ತಿದ್ದಳು, ಬಾವಿಯಲ್ಲಿ ಬಿದ್ದ ಕೊಡಪಾನ ಹುಡುಕುತ್ತಿದ್ದಳು, ಮಗುವಿನ ಗಂಟಲು ಪರೀಕ್ಷಿಸುತ್ತಿದ್ದಳು. ಉಪ್ಪಿನಕಾಯಿ ಜಾಡಿಯ ಮುಚ್ಚಳ ಬಿಗಿದಾಗ ಅಂಚಿಗೆ ಅದರಿಂದಲೇ ತಟ್ಟುತ್ತಿದ್ದಳು. ಹತ್ತದಿದ್ದರೆ ಅಂಗೈಗೆ ಕುಟ್ಟುತ್ತಿದ್ದಳು, ಆಗಲೂ ಹತ್ತದಿದ್ದರೆ ತೊಡೆಗೆ. ಸೆಲ್ಲು ಸೊರಗಿದರೆ ಬಿಸಿಲಿಗೆ ಹಪ್ಪಳದ ಪಕ್ಕ ಒಣಗಿಸುತ್ತಿದ್ದಳು. ಮೂವತ್ತನಾಲ್ಕು ವರ್ಷದಲ್ಲಿ ಇಂಥ ಒಂಬತ್ತು ಬ್ಯಾಟರಿಗಳು ಆಕೆಯ ಕೈಯಲ್ಲಿ ಹುಟ್ಟಿ ದುಡಿದು ಸತ್ತವು. ಒಂದಕ್ಕೂ ಆಕೆ ಶೋಕಾಚರಣೆ ಮಾಡಲಿಲ್ಲ.

ಎರಡು ತಳಿಗಳ ನಡುವಿನ ವ್ಯತ್ಯಾಸ ಪ್ರಾತ್ಯಕ್ಷಿಕವಾಗಿ ಸ್ಪಷ್ಟವಾದದ್ದು ಒಂದು ಪುಷ್ಯ ಮಳೆಯ ರಾತ್ರಿ. ನದಿ ದಡ ತುಂಬಿ ಹರಿಯುತ್ತಿತ್ತು, ಸಂಜೆಯಿಂದ ಕರೆಂಟಿರಲಿಲ್ಲ, ಬುಡ್ಡಿಯ ಸೀಮೆಎಣ್ಣೆ ಮುಗಿದಿತ್ತು. ದೊಡ್ಡಮ್ಮ ತನ್ನ ಬ್ಯಾಟರಿಯೊಡನೆ ಕೊಟ್ಟಿಗೆಗೆ ಹೋಗಿದ್ದಳು. ಬಚ್ಚಲುಮನೆಯ ಹಂಡೆಯ ಹಿಂದೆ, ಒಣ ತೆಂಗಿನ ಸಿಪ್ಪೆಯ ರಾಶಿಯಲ್ಲಿ ಸರಸರ ಸದ್ದಾಯಿತು. ಕೈಕಾಲು ತೊಳೆಯಲು ಹೋಗಿದ್ದ ತಮ್ಮನ ಮಗ "ಹಾವು" ಎಂದು ಕಿರುಚಿದ. ಆಗ ಅವನಿಗೆ ಹತ್ತು ವರ್ಷ. ನಡುಮನೆಯ ಕತ್ತಲಿಂದ ದೊಡ್ಡಪ್ಪನ ಧ್ವನಿ ಬಂತು: "ಯಾರೂ ಗಾಬರಿ ಬೀಳ್ಬೇಡಿ. ಬ್ಯಾಟ್ರಿ ಇದೆ."

ಆ ಧ್ವನಿಯಲ್ಲಿ ಸಂತೋಷವಿತ್ತು. ಇಷ್ಟು ವರ್ಷ ಕಾಪಾಡಿದ್ದು ಇದಕ್ಕಾಗಿಯೇ ಎಂಬ ಗತ್ತೂ ಇತ್ತು.

ಮೊದಲ ಹಂತ ಬೀಗದ ಕೈ. ಫೋಟೊದ ಹಿಂದೆ ತಡಕಾಡಲು ಬೆಂಕಿಕಡ್ಡಿ ಗೀರಬೇಕಾಯಿತು. ಪೊಟ್ಟಣ ಥಂಡಿ ಹಿಡಿದಿತ್ತು. ಐದು ಕಡ್ಡಿ ಮದ್ದು ಉದುರಿಸಿ ಸುಮ್ಮನಾದವು, ಆರನೆಯದು ಹತ್ತಿತು, ಆದರೆ ಅದರ ಬೆಳಕಿನಲ್ಲಿ ಕಂಡದ್ದು ಸತ್ಯನಾರಾಯಣನ ಫೋಟೊ. ಏಳನೆಯದರಲ್ಲಿ ವೆಂಕಟರಮಣ ಸಿಕ್ಕಿದ. ಎರಡನೆಯ ಹಂತ ಬೀರು. ಅದು ಮಳೆಗಾಲದಲ್ಲಿ ಬಿಗಿದುಕೊಳ್ಳುವ ಜಾಯಮಾನದ್ದು, ಕಾಲು ಕೊಟ್ಟು ಎಳೆಯಬೇಕು. ಮೂರನೆಯದು ಡಬ್ಬಿ, ನಾಲ್ಕನೆಯದು ಚೀಲ. ಚೀಲದ ಲಾಡಿ ಕಗ್ಗಂಟಾಗಿತ್ತು. ಕತ್ತರಿಸೋಣವೆಂದರೆ ಚೀಲ ಹಾಳಾಗುತ್ತದೆ. ದೊಡ್ಡಪ್ಪ ಹಲ್ಲಿನಿಂದ ಬಿಡಿಸುತ್ತಿದ್ದರು. ಬಚ್ಚಲಲ್ಲಿ ಸರಸರ ಮುಂದುವರಿದಿತ್ತು. ಐದನೆಯದು ಹಾರ್ಲಿಕ್ಸ್ ಬಾಟಲಿ. ನಾಗಂದಿಗೆಯಲ್ಲಿ ಅಂಥ ಬಾಟಲಿಗಳು ನಾಲ್ಕಿದ್ದವು. ಮೊದಲನೆಯದರಲ್ಲಿ ಸಾರಿನ ಪುಡಿ, ಎರಡನೆಯದರಲ್ಲಿ ಹುಣಸೆಹಣ್ಣು ಇದ್ದದ್ದು ಕೈ ಹಾಕಿದ ಮೇಲೆ ತಿಳಿಯಿತು. ಮೂರನೆಯದರಲ್ಲಿ ಸೆಲ್ಲು ಸಿಕ್ಕವು. ಆರನೆಯ ಹಂತ ಜೋಡಣೆ. "ಮೂಗು ಬಲ್ಬಿನ ಕಡೆ, ಮೂರಕ್ಕೂ ಮೂಗು ಬಲ್ಬಿನ ಕಡೆ" ಎಂದು ದೊಡ್ಡಪ್ಪ ತಮಗೆ ತಾವೇ ಹೇಳಿಕೊಂಡರು. ಸ್ವಿಚ್ಚು ಸರಿಸಿದರು. ಹತ್ತಲಿಲ್ಲ. ಕತ್ತಲಲ್ಲಿ ನಡುವಿನ ಸೆಲ್ಲಿನ ಮೂಗು ಹಿಂದಕ್ಕೆ ತಿರುಗಿತ್ತು. ಬಿಚ್ಚಿ ಮತ್ತೆ ಜೋಡಿಸತೊಡಗಿದರು.

ಅಷ್ಟರಲ್ಲಿ ದೊಡ್ಡಮ್ಮ ಕೊಟ್ಟಿಗೆಯಿಂದ ಬಂದಳು. ಬಾಗಿಲಲ್ಲಿ ನಿಂತು ಒಂದು ಗಳಿಗೆ ಒಳಗಿನ ಸದ್ದುಗಳನ್ನು ಕೇಳಿಸಿಕೊಂಡಳು. "ರೀ, ನಿಮ್ ಬ್ಯಾಟ್ರಿ ಹುಡುಕೋಕೆ ನನ್ ಬ್ಯಾಟ್ರಿ ಕೊಡ್ಲಾ?" ಎಂದಳು. ಉತ್ತರಕ್ಕೆ ಕಾಯಲಿಲ್ಲ. ಅಂಗೈಗೆ ಎರಡು ಸಲ ಕುಟ್ಟಿ, ಬಚ್ಚಲಿಗೆ ಹೋಗಿ, ಹಂಡೆಯ ಹಿಂದೆ ಹಳದಿ ಬೆಳಕು ಹಾಯಿಸಿದಳು. ಸಿಪ್ಪೆಯ ಮೇಲೆ ಗೋಂಕರು ಕಪ್ಪೆಯೊಂದು ಕುಳಿತು ಕಣ್ಣು ಮಿಟುಕಿಸಿತು. ಅದನ್ನು ಹಿಡಿಗುಂಟೆಯಿಂದ ತಳ್ಳಿ ಹಿತ್ತಲ ಬಾಗಿಲು ಹಾಕಿಕೊಂಡು ಅನ್ನಕ್ಕಿಡಲು ಹೋದಳು.

ದೊಡ್ಡಪ್ಪನ ಬ್ಯಾಟರಿ ಹತ್ತಿದ್ದು ಆಗ. ಗೋಡೆಯ ಮೇಲೆ ಸುಣ್ಣದಷ್ಟು ಬೆಳ್ಳಗಿನ, ಅಂಚು ಒಂದಿಷ್ಟೂ ಕದಡದ ದುಂಡು ಬೆಳಕು ಮೂಡಿತು. ತಲೆ ತಿರುಗಿಸಿದರು, ಬೆಳಕು ಹರಡಿ ತೊಲೆ, ಜಂತಿ, ಜೇಡರ ಬಲೆ, ತಂತಿಯ ಮೇಲಿನ ಬಟ್ಟೆಗಳೆಲ್ಲ ಕಂಡವು. ಮತ್ತೆ ತಿರುಗಿಸಿದರು, ಎಲ್ಲ ಕೂಡಿ ಹುಣ್ಣಿಮೆಯ ಚಂದ್ರನಾಯಿತು. ಮನೆಮಂದಿಯೆಲ್ಲ ಕಪ್ಪೆಯನ್ನು ಮರೆತು ನೋಡಿದರು. ಆ ಬೆಳಕು ಚೆನ್ನಾಗಿತ್ತೆಂಬುದನ್ನು ಒಪ್ಪಲೇಬೇಕು. ಅನಂತರ "ಸಾಕು, ಸೆಲ್ ಖರ್ಚಾಗುತ್ತೆ" ಎಂದು ದೊಡ್ಡಪ್ಪ ಆರಿಸಿಬಿಟ್ಟರು. ಅದೇ ಕ್ಷಣಕ್ಕೆ ಹೊಸಿಲು ದಾಟುತ್ತಿದ್ದ ತಮ್ಮನ ಮಗ ಎಡವಿ ಬಿದ್ದ. ಎಡ ಮೊಣಕಾಲಿನ ಕಲೆ ಈಗಲೂ ಇದೆ. ವಿಷಯ ಬಂದಾಗಲೆಲ್ಲ ಅವನು ಅದನ್ನು ತೋರಿಸುತ್ತಾನೆ, ಬರದಿದ್ದರೂ ತೋರಿಸುತ್ತಾನೆ.

ಇಬ್ಬರಲ್ಲಿ ಯಾರದು ಸರಿ ಎಂಬ ಪ್ರಶ್ನೆಗೆ ಶಾಸ್ತ್ರದಲ್ಲಿ ಉತ್ತರವಿದೆ, ಆದರೆ ಅದು ಯಾರ ಪಕ್ಷವನ್ನೂ ಪೂರ್ತಿ ಹಿಡಿಯುವುದಿಲ್ಲ. ಮಾಮೂಲು ಸೆಲ್ಲಿನ ಹೊರಗಿನ ಡಬ್ಬಿ ಸತುವಿನದು, ನಡುವೆ ಇಂಗಾಲದ ಕಡ್ಡಿ, ಅದರ ಸುತ್ತ ಮ್ಯಾಂಗನೀಸ್ ಡೈಆಕ್ಸೈಡಿನ ಕಪ್ಪು ಪುಡಿ. ಎರಡಕ್ಕೂ ನಡುವೆ ಒದ್ದೆ ಲವಣದ ಪದರ. ಇಲ್ಲಿ ಸತುವೇ ಪಾತ್ರೆ, ಸತುವೇ ಸೌದೆ. ಕರೆಂಟು ಕೊಟ್ಟಷ್ಟೂ ಡಬ್ಬಿ ಒಳಗಿನಿಂದ ತೆಳುವಾಗುತ್ತದೆ. ಸುಮ್ಮನೆ ಇಟ್ಟರೂ ಈ ಕ್ರಿಯೆ ಪೂರ್ತಿ ನಿಲ್ಲುವುದಿಲ್ಲ, ನಿಧಾನವಾಗುತ್ತದೆ ಅಷ್ಟೆ. ಕೊನೆಗೊಂದು ದಿನ ತೂತು ಬಿದ್ದು ಒಳಗಿನ ರಸ ಹೊರಬರುತ್ತದೆ. ಅದು ಹಿತ್ತಾಳೆಗೆ ತಾಗಿದರೆ ಹಸಿರು ಕಿಲುಬು. ಆದ್ದರಿಂದ ಬಹುಕಾಲ ಬಳಸದಿದ್ದರೆ ಸೆಲ್ಲು ಹೊರಗಿಡಬೇಕೆಂಬ ದೊಡ್ಡಪ್ಪನ ನಿಯಮ ಸರಿಯಾದದ್ದೇ. ಮುಗಿದ ಸೆಲ್ಲನ್ನು ಒಳಗೇ ಬಿಡುತ್ತಿದ್ದ ದೊಡ್ಡಮ್ಮನ ಒಂಬತ್ತು ಬ್ಯಾಟರಿಗಳಲ್ಲಿ ನಾಲ್ಕು ಸತ್ತದ್ದು ಇದೇ ರೋಗದಿಂದ.

ಕುಟ್ಟುವುದಕ್ಕೂ ಶಾಸ್ತ್ರಾಧಾರವಿದೆ. ಸ್ವಿಚ್ಚಿನ ತಗಡು, ಸ್ಪ್ರಿಂಗು, ಸೆಲ್ಲಿನ ಬುಡ ಇವುಗಳ ಮೇಲೆ ಗಾಳಿಯ ತೇವದಿಂದ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ. ಒಂದೂವರೆ ವೋಲ್ಟಿನ ಸೆಲ್ಲಿಗೆ ಆ ಪೊರೆಯೂ ದೊಡ್ಡ ಗೋಡೆ. ದಿನಕ್ಕೆ ಹತ್ತು ಸಲ ಸ್ವಿಚ್ಚು ಸರಿಸಿದರೆ ಉಜ್ಜಿ ಉಜ್ಜಿ ಪೊರೆ ಹೋಗುತ್ತದೆ. ಕುಟ್ಟಿದಾಗ ಸೆಲ್ಲು ಅಲುಗಿ ಹೊಸ ಜಾಗದಲ್ಲಿ ಲೋಹಕ್ಕೆ ಲೋಹ ತಾಗುತ್ತದೆ. ಬಳಸದೆ ಇಟ್ಟ ಬ್ಯಾಟರಿಗೆ ಈ ಭಾಗ್ಯವಿಲ್ಲ. ಇನ್ನು ತಂತಿಯ ಬಲ್ಬುಗಳು ಉರಿಯುತ್ತಿರುವಾಗ ಹೋಗುವುದಕ್ಕಿಂತ ಹೊತ್ತಿಸುವ ಕ್ಷಣದಲ್ಲಿ ಹೋಗುವುದೇ ಸಾಮಾನ್ಯ. ತಣ್ಣಗಿರುವ ತಂತಿ ಮೊದಲ ಏಟಿಗೆ ಹೆಚ್ಚು ಕರೆಂಟು ಎಳೆದುಕೊಳ್ಳುತ್ತದೆ. ಭಾನುವಾರದ ನಾಲ್ಕು ಸೆಕೆಂಡಿನ ಪರೀಕ್ಷೆಯಿಂದ ಬಲ್ಬಿಗೆ ಉಪಕಾರವೇನೂ ಆಗುತ್ತಿರಲಿಲ್ಲ.

ಲೆಕ್ಕ ಹಾಕಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ವಾರಕ್ಕೆ ನಾಲ್ಕು ಸೆಕೆಂಡು, ವರ್ಷಕ್ಕೆ 208 ಸೆಕೆಂಡು. 34 ವರ್ಷಕ್ಕೆ 7,072 ಸೆಕೆಂಡು. ಮೊದಲ ವಾರದ ಪಾಳಿಯನ್ನೂ ಕಪ್ಪೆಯ ರಾತ್ರಿಯ ಪ್ರದರ್ಶನವನ್ನೂ ಬಿಟ್ಟರೆ ಆ ಮೂರು ಸೆಲ್ಲಿನ ಬ್ಯಾಟರಿ ತನ್ನ ಆಯುಷ್ಯದಲ್ಲಿ ಬೆಳಗಿದ್ದು ಒಂದು ಗಂಟೆ 58 ನಿಮಿಷ. ಹಳೆಯ ಸೆಲ್ಲು ಇಟ್ಟುಕೊಳ್ಳಬಾರದೆಂದು ದೊಡ್ಡಪ್ಪ ಪ್ರತಿ ಆಯುಧಪೂಜೆಗೆ ಮೂರು ಹೊಸ ಸೆಲ್ಲು ಕೊಳ್ಳುತ್ತಿದ್ದರು. ಕೊನೆಯ ಆರು ವರ್ಷ ಯುಗಾದಿಗೂ ಕೊಂಡರು. ಒಟ್ಟು 120 ಸೆಲ್ಲು. ಎರಡು ಗಂಟೆ ತುಂಬದ ಬೆಳಕಿಗೆ 120 ಸೆಲ್ಲು ಖರ್ಚು ಮಾಡಿದವರನ್ನು ಮಿತವ್ಯಯಿ ಎನ್ನಬಹುದೇ ಎಂದು ತಮ್ಮನ ಮಗ ಕಾಲೇಜು ಸೇರಿದ ಮೇಲೆ ಒಮ್ಮೆ ಕೇಳಿದ್ದುಂಟು. ದೊಡ್ಡಪ್ಪ ಉತ್ತರಿಸಲಿಲ್ಲ. ಒಳಗಿನಿಂದ ದೊಡ್ಡಮ್ಮ, "ಓದಿದ್ದು ಜಾಸ್ತಿ ಆಯ್ತು ನಿಂಗೆ, ಕೈ ತೊಳ್ಕೊ" ಎಂದಳು.

ಈ ಲೆಕ್ಕದಲ್ಲಿ ತಪ್ಪಿತ್ತು. ಬದಲಾಯಿಸಿದ ಸೆಲ್ಲುಗಳು ಎಲ್ಲಿ ಹೋಗುತ್ತಿದ್ದವೆಂದು ಹುಡುಗ ಕೇಳಿರಲಿಲ್ಲ. ಹೆಸರಿಗೆ ಹಳೆಯವಾದರೂ ಅವು ಹೆಚ್ಚೆಂದರೆ ಮೂರೂವರೆ ನಿಮಿಷ ಉರಿದ ಸೆಲ್ಲುಗಳು. ಪೂಜೆಯ ಮಾರನೆಯ ದಿನ ಅವು ಕಿಟಕಿಯ ಮೇಲೆ ಇರುತ್ತಿದ್ದವು, ಸಂಜೆಗೆ ಇರುತ್ತಿರಲಿಲ್ಲ. ಎರಡು ದೊಡ್ಡಮ್ಮನ ಪ್ಲಾಸ್ಟಿಕ್ ಬ್ಯಾಟರಿಯೊಳಗೆ, ಮಿಕ್ಕದ್ದು ಮುಂದಿನ ಸಲಕ್ಕೆಂದು ಅಕ್ಕಿ ಡಬ್ಬದ ಹಿಂದೆ. ನಡುನಡುವೆ ಅಂಗಡಿಯಿಂದಲೂ ತರಿಸಬೇಕಾಗುತ್ತಿತ್ತು. ಆದರೆ ಕೊಟ್ಟಿಗೆಯಲ್ಲಿ, ಬಾವಿಯಲ್ಲಿ, ಮಗುವಿನ ಗಂಟಲಲ್ಲಿ ಬಿದ್ದ ಬೆಳಕಿನ ದೊಡ್ಡ ಪಾಲು ಬೀರುವಿನ ಬ್ಯಾಟರಿಯ ಲೆಕ್ಕದ್ದೇ. ಕೊನೆಯ ಆರು ವರ್ಷ ಯುಗಾದಿಗೂ ಸೆಲ್ಲು ಬದಲಾಯಿಸಿದ್ದಕ್ಕೆ ದೊಡ್ಡಪ್ಪ ಕೊಟ್ಟ ಕಾರಣ, "ಈಗಿನ ಸೆಲ್ ಮೊದಲಿನ ಹಾಗೆ ಗಟ್ಟಿ ಇಲ್ಲ." ಆ ಆರು ವರ್ಷ ದೊಡ್ಡಮ್ಮನ ಕಣ್ಣಿಗೆ ಪೊರೆ ಬರುತ್ತಿತ್ತು. ರಾತ್ರಿ ಎದ್ದರೆ ಆಕೆಗೆ ಹೆಚ್ಚು ಬೆಳಕು ಬೇಕಾಗುತ್ತಿತ್ತು.

ಜೋಪಾನದವರ ಸ್ವಭಾವಕ್ಕೆ ಜಿಪುಣತನವನ್ನು ಕಾರಣವಾಗಿ ಹೇಳುವವರಿದ್ದಾರೆ. ಭದ್ರಾವತಿಯ ಮಟ್ಟಿಗೆ ಅದು ಸಾಲದು. ಊದುಕುಲುಮೆ ಒಮ್ಮೆ ಹೊತ್ತಿತೆಂದರೆ ವರ್ಷಗಟ್ಟಲೆ ಉರಿಯುತ್ತಲೇ ಇರಬೇಕು. ನಡುವೆ ತಣ್ಣಗಾಗಲು ಬಿಟ್ಟರೆ ಕರಗಿದ ಕಬ್ಬಿಣ ಒಳಗೇ ಹೆಪ್ಪುಗಟ್ಟಿ ಕುಲುಮೆ ಕೆಡುತ್ತದೆ. ಅಲ್ಲಿ ಇಟ್ಟಿಗೆ, ಕೊಳವೆ, ಸರಪಳಿ, ಮನುಷ್ಯ ಯಾವುದಕ್ಕೂ ಬಿಡುವಿಲ್ಲ. ಎಲ್ಲವೂ ಸವೆಯಲೆಂದೇ ಇರುವುದು, ಸವೆದದ್ದನ್ನು ತೆಗೆದು ಹೊಸದು ಹಾಕುವುದು. ಇಂಥ ಕಡೆ ಮೂವತ್ತು ವರ್ಷ ಪಾಳಿ ಮಾಡಿ, ಬೆರಳಿನ ಚರ್ಮದಿಂದ ಕಿವಿಯವರೆಗೆ ಒಂದೊಂದನ್ನೇ ಸವೆಸಿಕೊಂಡು ಮನೆಗೆ ಬಂದವರು, ತಮ್ಮದೆಂಬ ಒಂದು ಸಾಮಾನಾದರೂ ಕೊಂಡ ದಿನದಂತೆಯೇ ಇರಲಿ ಎಂದುಕೊಂಡರೆ ಅದಕ್ಕೆ ಜಿಪುಣತನವೆಂದು ಹೆಸರಿಡುವುದು ಅವಸರವಾದೀತು. ನದಿಯ ಆಚೆ ಎಲ್ಲವೂ ಸವೆಯುತ್ತಿತ್ತು. ಈಚೆ, ಬೀರುವಿನೊಳಗೆ, ಒಂದು ಮಾತ್ರ ಸವೆಯದೆ ಇತ್ತು.

ಆದರೆ ಸವೆಯದಂತೆ ಇಡುವುದಕ್ಕೂ ಮಿತಿಯುಂಟು ಎಂಬುದನ್ನು ಅದೇ ಊರು ತೋರಿಸಿದೆ. ಪೇಪರ್ ಮಿಲ್ಲಿನಲ್ಲಿ 2015ರ ಸುಮಾರಿಗೆ ಉತ್ಪಾದನೆ ನಿಂತಿತು. ನಿಂತ ಯಂತ್ರವನ್ನು ಯಾರೂ ಬಡಿಯುವುದಿಲ್ಲ, ಬೆವರಿನ ಕೈಯಲ್ಲಿ ಮುಟ್ಟುವುದಿಲ್ಲ, ಕೆಳಗೆ ಬೀಳಿಸುವುದಿಲ್ಲ. ಅಷ್ಟಾದರೂ ಮಲೆನಾಡಿನ ಅಂಚಿನ ಮಳೆಗೆ ತುಕ್ಕು ತಾನಾಗಿಯೇ ಬರುತ್ತದೆ.

ತಳಿಯ ಈಗಿನ ಸ್ಥಿತಿ ಹೀಗಿದೆ. ನೀಲಿ ಎಲ್‌ಇಡಿ ಕಂಡುಹಿಡಿದ ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಬಂತು. ಬಿಳಿ ಬೆಳಕಿನ ಎಲ್‌ಇಡಿ ಸಾಧ್ಯವಾದದ್ದು ಆ ಶೋಧದಿಂದ. ತಂತಿಯ ಬಲ್ಬು ಮೂಲೆಗೆ ಸರಿಯಿತು. ಚಾರ್ಜ್ ಮಾಡುವ ಲಿಥಿಯಂ ಸೆಲ್ಲು ಜೋಪಾನದವರಿಗೆ ಹೊಸ ಸಂಕಟ ತಂದಿದೆ. ಅದನ್ನು ಪೂರ್ತಿ ತುಂಬಿಸಿಟ್ಟರೂ ಬೇಗ ಮುದಿಯಾಗುತ್ತದೆ, ಪೂರ್ತಿ ಬರಿದು ಮಾಡಿಟ್ಟರೂ ಕೆಡುತ್ತದೆ. ಅರ್ಧ ತುಂಬಿಸಿಡುವುದು ಲೇಸು. ಪೂರ್ಣವಲ್ಲದ್ದನ್ನು ಜೋಪಾನ ಮಾಡುವುದು ಈ ತಳಿಯ ಜಾಯಮಾನಕ್ಕೆ ಒಗ್ಗುವುದಿಲ್ಲ. ಮೊಬೈಲಿನಲ್ಲೇ ಟಾರ್ಚು ಬಂದ ಮೇಲೆ ಬಡಿದು ಬಳಸುವವರ ಕೈ ಮೇಲಾಗಿದೆ. ಜೋಪಾನದವರು ಮೊಬೈಲಿಗೆ ಕವರು, ಕವರಿಗೆ ಚೀಲ, ಪರದೆಗೆ ಗಾಜಿನ ಹಾಳೆ ಹಾಕಿ, ಟೀವಿ ರಿಮೋಟಿಗೆ ಪ್ಲಾಸ್ಟಿಕ್ ಸುತ್ತಿ ಹೇಗೋ ದಿನ ದೂಡುತ್ತಿದ್ದಾರೆ.

ದೊಡ್ಡಪ್ಪ ತೀರಿಕೊಂಡ ವರ್ಷ ಬೀರು ತೆರೆದಾಗ, ಡಬ್ಬಿಯ ಮೇಲೆ ಅವರದೇ ಅಕ್ಷರದಲ್ಲಿ ತಮ್ಮನ ಮಗನ ಹೆಸರಿತ್ತು. ಚೀಲದಿಂದ ತೆಗೆದ ಬ್ಯಾಟರಿ ಕತ್ತಿನ ನೆಗ್ಗೊಂದನ್ನು ಬಿಟ್ಟರೆ ಅಂಗಡಿಯಿಂದ ಈಗ ತಾನೆ ತಂದಂತಿತ್ತು. ಮೂರು ಸೆಲ್ಲು ಹಾಕಿ ಸ್ವಿಚ್ಚು ಸರಿಸಿದರೆ ಹತ್ತಲಿಲ್ಲ. ಸೆಲ್ಲು ತಿರುಗಿಸಿ ನೋಡಿದರು, ಬಲ್ಬು ಬದಲಾಯಿಸಿ ನೋಡಿದರು. ಆಗ ದೊಡ್ಡಮ್ಮ ಕೈ ಚಾಚಿದಳು. ಕಣ್ಣಿನ ಆಪರೇಷನ್ ಆಗಿ ಆಕೆಗೆ ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಬ್ಯಾಟರಿಯನ್ನು ತೂಗಿ ನೋಡಿ, ಒಂದು ಕ್ಷಣ ತಡೆದು, ಅಂಗೈಗೆ ಮೆಲ್ಲಗೆ ಎರಡು ಸಲ ಕುಟ್ಟಿದಳು. ಹಗಲಾಗಿದ್ದರೂ ಗೋಡೆಯ ಮೇಲೆ ಆ ದುಂಡು ಬೆಳಕು ಕಂಡಿತು. ಆಕೆ ನಾಲ್ಕು ಸೆಕೆಂಡಿಗೆ ಆರಿಸಿದಳು.

ಅದು ಈಗ ತಮ್ಮನ ಮಗನ ಮನೆಯಲ್ಲಿದೆ. ದಿನಾ ಬಳಸಬೇಕೆಂದೇ ಅವನು ತಂದದ್ದು. ಆದರೆ ಆ ಅಳತೆಯ ಬಲ್ಬು ಈಗ ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ, ಇರುವುದು ಎರಡೇ. ಹಿತ್ತಾಳೆಯ ಮೇಲಿನ ಮೆರುಗು ಮತ್ತೆ ಹಾಕಿಸಲು ಆಗುವುದಿಲ್ಲ. ಮನೆಯಲ್ಲಿ ಮಕ್ಕಳು ಬೇರೆ ಇದ್ದಾರೆ. ಸದ್ಯಕ್ಕೆ ಅದನ್ನು ಅದೇ ಚೀಲದಲ್ಲಿ, ಅದೇ ಡಬ್ಬಿಯಲ್ಲಿ, ಸೆಲ್ಲು ತೆಗೆದು ಇಡಲಾಗಿದೆ. ಭಾನುವಾರಗಳಂದು ಪರೀಕ್ಷಿಸಲಾಗುತ್ತದೆ.